ಹತ್ತು ಗಂಟೆಯ ಲೈನ್ ಕ್ಲಿಯರ್

ರೇಡಿಯೋ ದೊಡ್ಡಮ್ಮನ ಪತ್ತೇದಾರಿಕೆಯ ಈ ಪ್ರಸಂಗವನ್ನು ಹೇಳುವವರು ಒಬ್ಬೊಬ್ಬರು ಒಂದೊಂದು ಕಡೆಯಿಂದ ಎತ್ತಿಕೊಳ್ಳುತ್ತಾರೆ. ಕೆಲವರು ಕೆಟ್ಟುಹೋದ ಪೆಟ್ಟಿಗೆಯಿಂದ, ಕೆಲವರು ಅತ್ತಿಗೆ ನಾದಿನಿಯರ ಜಗಳದಿಂದ. ಆದರೆ ಮೊದಲಿನಿಂದ ಕೊನೆಯವರೆಗೆ ಜೊತೆಗಿದ್ದು ಕಣ್ಣಾರೆ ಕಂಡವನು ದರ್ಜಿ ಒಬ್ಬನೇ. ಅವನ ಬಾಯಲ್ಲಿ ಕತೆ ಯಾವಾಗಲೂ ಒಂದು ಸೂಟ್‌ಕೇಸಿನಿಂದಲೇ ಆರಂಭವಾಗುತ್ತಿತ್ತು.

ಗುರುವಾರ ಬೆಳಗಿನ ಒಂಬತ್ತೂವರೆ. ದರ್ಜಿ ಒಂದು ಅಂಗಿಯ ಕಾಲರಿಗೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದ. ಪಕ್ಕದ ರಿಪೇರಿ ಅಂಗಡಿಗೂ ಅವನ ಅಂಗಡಿಗೂ ನಡುವೆ ಒಂದು ಗೋಡೆ, ಆ ಗೋಡೆಯಲ್ಲೊಂದು ಕಿಟಕಿ. ಇಪ್ಪತ್ತಾರು ವರ್ಷಗಳಿಂದ ಆ ಕಿಟಕಿಯಲ್ಲಿ ಆಚೆಯಿಂದ ಸ್ಕ್ರೂಡ್ರೈವರ್, ಈಚೆಯಿಂದ ಕತ್ತರಿ, ಎರಡೂ ಕಡೆಯಿಂದ ಕೊಂಕುಮಾತು ದಾಟುತ್ತಿದ್ದವು. ಆಚೆ ಕುಳಿತಾಕೆಯೇ ರೇಡಿಯೋ ದೊಡ್ಡಮ್ಮ. ರೇಡಿಯೋ ಕೇಳುವವರು ಕಡಿಮೆಯಾದರೂ ಹೆಸರು ಆಕೆಯನ್ನು ಬಿಡಲಿಲ್ಲ. ಕೆಟ್ಟದ್ದು ಯಂತ್ರವಾಗಲಿ ಸಂಬಂಧವಾಗಲಿ, ಸುತ್ತಲಿನ ನಾಲ್ಕು ಬೀದಿಯ ಜನ ಮೊದಲು ತಟ್ಟುತ್ತಿದ್ದುದು ಆಕೆಯ ಬಾಗಿಲನ್ನೇ.

ಅಂದು ಆ ಬಾಗಿಲಲ್ಲಿ ನಿಂತವಳು ಕಾಲೇಜಿನಲ್ಲಿ ಓದುತ್ತಿದ್ದ ಒಬ್ಬ ಹುಡುಗಿ. ಕೈಯಲ್ಲಿ ಸೂಟ್‌ಕೇಸು, ಕಣ್ಣಲ್ಲಿ ಕೆಂಪು.

"ದೊಡ್ಡಮ್ಮಾ, ಕೆಡಿಸಿದ್ದು ನಾನಲ್ಲ ಅಂತ ನೀವು ಸಾಬೀತು ಮಾಡ್ಕೊಡ್ಬೇಕು. ಆಮೇಲೆ ನಾನು ಹಾಸ್ಟೆಲ್‌ಗೆ ಹೋಗ್ತೀನಿ."

ಬಿಚ್ಚಿಟ್ಟ ಯಂತ್ರದಿಂದ ತಲೆಯೆತ್ತದೆಯೇ ದೊಡ್ಡಮ್ಮ ಹೇಳಿದಳು: "ಮನೆ ಬಿಟ್ಟು ಹೋಗೋಳಿಗೆ ಸಾಬೀತು ಯಾಕೆ ತಾಯಿ? ಮನೇಲಿ ಇರೋರಿಗೆ ಬೇಕಾಗೋದು ಅದು. ಕೂತ್ಕೋ. ನಿಧಾನವಾಗಿ ಹೇಳು."

ಹುಡುಗಿ ಹೇಳಿದ್ದು ಇಷ್ಟು. ಅವಳ ಅತ್ತಿಗೆ ಮನೆಯಲ್ಲೇ ಕುಳಿತು ಲ್ಯಾಪ್‌ಟಾಪಿನಲ್ಲಿ ಚಲಿಸುವ ಚಿತ್ರ ಮಾಡುವವಳು. ಈಗ ಕೈಯಲ್ಲಿದ್ದುದು ಮಕ್ಕಳ ಆಸ್ಪತ್ರೆಗೆಂದು ಮಾಡಿದ ನಾಲ್ಕು ನಿಮಿಷದ ಚಿತ್ರ. ಕಿವಿಯ ಆಪರೇಷನ್ನಿಗೆ ಬರುವ ಮಕ್ಕಳು ಹೆದರದಂತೆ, ಒಳಗೆ ಏನೇನು ನಡೆಯುತ್ತದೆ ಎಂದು ಒಂದು ಮೊಲದ ಮರಿ ತೋರಿಸಿಕೊಡುವ ಕತೆ. ಅಷ್ಟು ಭಾರ ಲ್ಯಾಪ್‌ಟಾಪಿಗೆ ಒಂಟಿಯಾಗಿ ಹೊರಲಾಗದು. ಅದಕ್ಕೆ ಹೊರಗೊಂದು ಪೆಟ್ಟಿಗೆ, ಪೆಟ್ಟಿಗೆಯೊಳಗೆ ದೊಡ್ಡ ಗ್ರಾಫಿಕ್ಸ್ ಕಾರ್ಡು. ಎರಡನ್ನೂ ಜೋಡಿಸಲು ಒಂದೇ ಒಂದು ಕೇಬಲ್. ಮಂಗಳವಾರ ಹನ್ನೊಂದು ಗಂಟೆಯಿಂದ ಲ್ಯಾಪ್‌ಟಾಪಿಗೆ ಆ ಕಾರ್ಡು ಕಾಣಿಸುತ್ತಲೇ ಇಲ್ಲ.

"ಶನಿವಾರ ಬೆಳಗ್ಗೆ ಚಿತ್ರ ಕೊಡ್ಬೇಕು. ಕಾರ್ಡ್ ಇದ್ರೆ ಒಂದೂವರೆ ದಿನದ ಕೆಲಸ. ಇಲ್ದಿದ್ರೆ ಹನ್ನೊಂದು ದಿನ. ಇವತ್ತು ಸಂಜೆಯೊಳಗೆ ಶುರುವಾಗ್ದಿದ್ರೆ ಮುಗೀತು. ಸೋಮವಾರ ಸಂಜೆ ನಾನು ಅದ್ರಲ್ಲಿ ಒಂದು ಆಟ ಆಡಿದ್ದೆ, ಸುಳ್ಳು ಹೇಳಲ್ಲ. ಆದ್ರೆ ಆಗ ಚೆನ್ನಾಗೇ ಇತ್ತು! ಅತ್ತಿಗೆ ನಿನ್ನೆ ಅಂದ್ರು, 'ನೀನು ಕೈ ಹಾಕಿದ್ದಕ್ಕೇ ಹಾಳಾಯ್ತು, ಪೆಟ್ಟಿಗೇನೂ ನೀನೇ ಎತ್ತಿಟ್ಟಿದೀಯ' ಅಂತ. ನಾನು ಪೆಟ್ಟಿಗೆ ಮುಟ್ಟೇ ಇಲ್ಲ."

"ನಿಮ್ಮಣ್ಣ?"

"ಕೆಲಸದ ಮೇಲೆ ಹೊರಗಡೆ ಹೋಗಿದಾನೆ, ಇನ್ನೂ ಎಂಟು ದಿನ ಬರಲ್ಲ. 'ಅಪ್ಪನ ಫೋನ್ ಯಾಕೆ ಎರಡು ದಿನದಿಂದ ಸ್ವಿಚ್ ಆಫ್ ಬರ್ತಿದೆ' ಅಂತ ನನ್ನನ್ನೇ ಗದರಿಸ್ತಾನೆ. ಎಲ್ಲದಕ್ಕೂ ನಾನೇ!"

ದೊಡ್ಡಮ್ಮ ಆಗ ಮೊದಲ ಬಾರಿಗೆ ತಲೆಯೆತ್ತಿದಳು. ಕಿಟಕಿಯ ಕಡೆ ತಿರುಗಿ, "ಅಳತೆಯವರೇ, ಟೇಪು ಕುತ್ತಿಗೆಗೆ ಹಾಕ್ಕೊಳ್ಳಿ. ಹೋಗಿ ಬರೋಣ" ಎಂದಳು.

"ಕಾಲರು ಅರ್ಧಕ್ಕೆ ನಿಂತಿದೆ."

"ಕುತ್ತಿಗೆ ಎಲ್ಲೂ ಓಡಿ ಹೋಗಲ್ಲ, ಬನ್ನಿ."

ಮನೆ ಎರಡು ಬೀದಿ ಆಚೆ, ಮೂರನೆಯ ಮಹಡಿಯಲ್ಲಿತ್ತು. ಬಾಗಿಲು ತೆರೆದವರು ಹುಡುಗಿಯ ತಂದೆ. ಮೂವತ್ತನಾಲ್ಕು ವರ್ಷ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತರಾದವರು. ಕಿವಿ ಕೊಂಚ ಮಂದ, ಮಾತು ಅದಕ್ಕಿಂತ ಮಂದ. ಅವರ ಮೊಣಕಾಲು ಹಿಡಿದುಕೊಂಡು ಹದಿನಾಲ್ಕು ತಿಂಗಳ ಮೊಮ್ಮಗಳು ಪುಟ್ಟಿ, ನಿಲ್ಲಲು ಕಲಿತ ಹೊಸ ಉತ್ಸಾಹದಲ್ಲಿ ತೂಗಾಡುತ್ತಿದ್ದಳು. ಮಗಳ ಕೈಯ ಸೂಟ್‌ಕೇಸನ್ನು ನೋಡಿದ ಮುದುಕರ ಮುಖ ಬಾಡಿತು.

ದೊಡ್ಡಮ್ಮ ಚಪ್ಪಲಿ ಬಿಡುವ ನೆಪದಲ್ಲಿ ಬಾಗಿಲ ಬಳಿಯ ಮೊಳೆಗೆ ನೇತುಹಾಕಿದ್ದ ಕೊಡೆಯನ್ನು ನೋಡುತ್ತ ನಿಂತಳು. ಸೀಳು ಬಿಟ್ಟ ಅದರ ಹಿಡಿಗೆ ಕಪ್ಪು ಇನ್ಸುಲೇಷನ್ ಟೇಪು ಸುತ್ತಿತ್ತು. ಅದು ಕೊಡೆಯಲ್ಲ, ಕೈಕೋಲು ಎನ್ನುವವರೂ ಇದ್ದಾರೆ. ದರ್ಜಿ ಕೊಡೆಯೆಂದೇ ಸಾಧಿಸುತ್ತಿದ್ದ. ಅವನ ಕಣ್ಣಿಗೆ ಬಿದ್ದದ್ದು ಆ ಕೈಕೆಲಸ: ಪ್ರತಿ ಸುತ್ತೂ ಹಿಂದಿನ ಸುತ್ತಿನ ಸರಿಯಾಗಿ ಅರ್ಧದ ಮೇಲೆ ಕೂತಿತ್ತು, ಕೊನೆಯ ತುದಿಯನ್ನು ಕಿರುಬೆರಳಷ್ಟು ಮಡಚಿ ಬಿಟ್ಟಿತ್ತು. ಬೇಕೆಂದಾಗ ಹಿಡಿದೆಳೆದರೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಬೇಕು, ಹಾಗೆ. ಹೊಲಿಗೆಯವನಿಗೆ ಇನ್ನೊಬ್ಬರ ಅಚ್ಚುಕಟ್ಟು ಕಂಡರೆ ಹೊಟ್ಟೆ ತುಂಬುತ್ತದೆ. "ಒಳ್ಳೆ ಕೈ" ಎಂದುಕೊಂಡ, ಅಲ್ಲಿಗೆ ಬಿಟ್ಟ.

ಒಳಕೋಣೆಯಲ್ಲಿ ಸೊಸೆ ತಲೆಯ ಮೇಲೆ ಕೈಹೊತ್ತು ಕುಳಿತಿದ್ದಳು. ಪಕ್ಕದಲ್ಲಿ ಕಂಪ್ಯೂಟರ್ ಅಂಗಡಿಯವನು ಬೆವರೊರೆಸಿಕೊಳ್ಳುತ್ತಿದ್ದ.

"ಕಾರ್ಡ್ ನಡೆಸೋ ಸಾಫ್ಟ್‌ವೇರ್, ಡ್ರೈವರ್ ಅಂತಾರಲ್ಲ, ಅದನ್ನ ತೆಗೆದು ಮತ್ತೆ ಹಾಕಿದ್ದು ಮೂರು ಸಲ" ಎಂದ ಅವನು ಬಂದವರಿಗೆ. "ಸೋಮವಾರ ಲ್ಯಾಪ್‌ಟಾಪು ತಾನಾಗೇ ಅಪ್‌ಡೇಟ್ ಆಗಿದೆ, ಅದನ್ನೂ ಹಿಂದಕ್ಕೆ ತಂದೆ. ಕಾರ್ಡನ್ನ ಬಿಚ್ಚಿ ಕೂರಿಸಿದೆ. ಪೆಟ್ಟಿಗೆ ದೀಪ ಉರೀತಿದೆ, ಕರೆಂಟಿದೆ. ಕೇಬಲ್ಲೂ ಸರಿ ಇದೆ. ನೋಡಿ, ಪೆಟ್ಟಿಗೆಯಿಂದ ಲ್ಯಾಪ್‌ಟಾಪ್ ಚಾರ್ಜ್ ಆಗ್ತಾನೇ ಇದೆಯಲ್ಲ! ಅಲ್ಲಿಗೆ ಕಾರ್ಡೇ ಸತ್ತಿದೆ. ಯಾರೋ ಕೈ ಹಾಕಿದಾರೆ."

ಸೊಸೆ ಬಾಗಿಲ ಕಡೆ ನೋಡಲಿಲ್ಲ. ನಾದಿನಿ ಗೋಡೆಯ ಕಡೆ ತಿರುಗಿದಳು.

"ಕೆಟ್ಟಿದ್ದನ್ನ ಆಮೇಲೆ ಹುಡುಕೋಣ" ಎಂದಳು ದೊಡ್ಡಮ್ಮ. "ಬದಲಾದದ್ದನ್ನ ಮೊದಲು ಹುಡುಕೋಣ. ಈ ಪೆಟ್ಟಿಗೆ ಎಲ್ಲಿತ್ತು, ಎಲ್ಲಿದೆ?"

ಪೆಟ್ಟಿಗೆ ಈಗ ಎದೆಮಟ್ಟದ ಕಪಾಟಿನ ಹಲಗೆಯ ಮೇಲಿತ್ತು. ಮೊದಲಿದ್ದ ಜಾಗ ಮೇಜಿನ ಮೇಲೆಯೇ ಅಚ್ಚೊತ್ತಿದಂತೆ ಕಾಣುತ್ತಿತ್ತು: ಸುತ್ತ ತೆಳ್ಳಗೆ ಧೂಳು, ನಡುವೆ ಧೂಳಿಲ್ಲದ ಒಂದು ಚೌಕ.

"ಅಳತೆಯವರೇ, ಈ ಚೌಕದಿಂದ ಲ್ಯಾಪ್‌ಟಾಪಿಗೆ ಎಷ್ಟು?"

"ಹದಿನಾಲ್ಕಿಂಚು."

"ಈ ಕೇಬಲ್?"

ಕೇಬಲ್ ಕಪಾಟಿನಿಂದ ಇಳಿದು, ಉಳಿದದ್ದು ಸುರುಳಿಯಾಗಿ, ಸುರುಳಿ ಕಪ್ಪು ಟೇಪಿನಲ್ಲಿ ಕಟ್ಟಿಸಿಕೊಂಡು ಕೂತಿತ್ತು. ದರ್ಜಿ ಟೇಪಿನ ಮಡಚಿದ ತುದಿ ಹಿಡಿದೆಳೆದ. ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ಅಳೆದು ಹೇಳಿದ: "ಎಪ್ಪತ್ತೆಂಟು."

"ಹದಿನಾಲ್ಕಿಂಚಿನ ಕುತ್ತಿಗೆಗೆ ಎಪ್ಪತ್ತೆಂಟಿಂಚಿನ ಕಾಲರ್ ಯಾರಾದ್ರೂ ಹೊಲೀತಾರಾ?"

"ಹೊಲಿದ್ರೆ ಗಿರಾಕಿ ನನ್ನ ಕುತ್ತಿಗೆ ಹಿಡೀತಾನೆ."

ಸೊಸೆಗೆ ತಮಾಷೆ ರುಚಿಸಲಿಲ್ಲ. "ದೊಡ್ಡಮ್ಮಾ, ಕೇಬಲ್ ಚಾರ್ಜ್ ಮಾಡ್ತಿದೆ. ಅದನ್ನ ಬಿಟ್ಟು ಬೇರೇನಾದ್ರೂ ನೋಡಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಕಾಲು ಇರ್ಲಿ, ಅದಕ್ಕೆ ಮೊದಲೇ ನೋವಿದೆ. ಮಂಗಳವಾರದ್ದು ಹೇಳು. ಎದ್ದಾಗಿನಿಂದ ಹನ್ನೊಂದರ ತನಕ, ಒಂದೂ ಬಿಡಬಾರದು."

ಸೊಸೆ ನಿಟ್ಟುಸಿರಿಟ್ಟು ಆರಂಭಿಸಿದಳು. "ಬೆಳಗ್ಗೆ ಆರಕ್ಕೆ ಮಾವ ಸ್ನಾನ ಮುಗಿಸಿ 'ಲೈನ್ ಕ್ಲಿಯರ್' ಅಂದ್ರು. ಅಂದ್ರೆ ಬಚ್ಚಲುಮನೆ ಖಾಲಿ ಅಂತ. ನಮ್ಮನೇಲಿ ಅದೇ ಅಲಾರಂ. ನಾನು ಮದುವೆಯಾಗಿ ಬಂದಾಗಿನಿಂದ ಕೇಳ್ತಿದೀನಿ." ದರ್ಜಿ ನಕ್ಕ. "ಆಮೇಲೆ ಇವಳು ಕಾಲೇಜಿಗೆ ಹೊರಟಳು, ಎಂಟೂವರೆ. ನಾನು ಒಂಬತ್ತರ ತನಕ ಇಲ್ಲೇ ಕೂತು ಕೆಲಸ ಮಾಡ್ದೆ, ಕಾರ್ಡ್ ಸರಿಯಾಗೇ ಇತ್ತು ಅನ್ಸುತ್ತೆ... ಇಲ್ಲ, ಅವತ್ತು ಬರೀ ಪತ್ರ ಬರೆದೆ, ಕಾರ್ಡ್ ನೋಡ್ಲಿಲ್ಲ. ಹತ್ತಕ್ಕೆ ಅಡುಗೆಮನೇಲಿ ಹೆಡ್‌ಫೋನ್ ಹಾಕ್ಕೊಂಡು ಆಸ್ಪತ್ರೆಯವರ ಹತ್ರ ಮಾತಾಡ್ತಿದ್ದೆ. ಮಾವ ಬಾಗಿಲಲ್ಲಿ ನಿಂತು 'ಲೈನ್ ಕ್ಲಿಯರ್ ಅಮ್ಮಾ' ಅಂದ್ರು, ತಲೆ ಆಡಿಸ್ದೆ. ಪುಟ್ಟಿಗೆ ಊಟ ಮಾಡಿಸಿ ಹನ್ನೊಂದಕ್ಕೆ ಬಂದು ಕೂತ್ರೆ ಹೀಗೆ."

ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಇಪ್ಪತ್ತಾರು ವರ್ಷದ ನೆರೆಯವನಾದ ದರ್ಜಿಗೆ ಆ ಒರೆಸುವಿಕೆಯ ಅರ್ಥ ಗೊತ್ತಿತ್ತು. ಗಂಟು ಬಿಚ್ಚಿದೆ, ಎಲ್ಲರ ಮುಂದೆ ಹರವುವುದಷ್ಟೇ ಬಾಕಿ.

"ಹಿರಿಯರನ್ನ ಕರೀರಿ" ಎಂದಳು. "ಪುಟ್ಟೀನೂ ಬರ್ಲಿ. ಅವಳೂ ಸಾಕ್ಷಿ."

ಎಲ್ಲರೂ ಆ ಸಣ್ಣ ಕೋಣೆಯಲ್ಲಿ ಸೇರಿದರು. ಹಿರಿಯರಿಗೆ ಕುರ್ಚಿ ಸಿಕ್ಕಿತು, ಪುಟ್ಟಿಗೆ ಅವರ ತೊಡೆ. ಅಂಗಡಿಯವನು ಕಪಾಟಿಗೆ ಒರಗಿದ. ಅತ್ತಿಗೆ ಮಂಚದ ಈ ತುದಿಯಲ್ಲಿ ಕುಳಿತರೆ ನಾದಿನಿ ಆ ತುದಿಯಲ್ಲಿ; ನಡುವೆ ಸೂಟ್‌ಕೇಸು.

"ಮೊದಲು ಅಂಗಡಿಯಪ್ಪನ ವಿಷಯ" ಎಂದು ದೊಡ್ಡಮ್ಮ ಶುರುಮಾಡಿದಳು, ಹಿರಿಯರಿಗೆ ಕೇಳುವಷ್ಟು ಗಟ್ಟಿಯಾಗಿ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಪಾಪದ ಡ್ರೈವರ್‌ಗೆ ಮೂರು ಸಲ ಬರೆ ಹಾಕಿದಾನೆ. ಕಾರ್ಡ್ ಸತ್ತಿಲ್ಲ. ಕಾರ್ಡಿಗೂ ಲ್ಯಾಪ್‌ಟಾಪಿಗೂ ಮಾತೇ ಆಗ್ತಿಲ್ಲ."

"ಚಾರ್ಜ್ ಆಗ್ತಿದೆಯಲ್ಲ ದೊಡ್ಡಮ್ಮ!"

"ಬೆಳ್ಳಗಿರೋದೆಲ್ಲ ಹಾಲಲ್ಲ ಕಣಪ್ಪ. ಈ ಕೇಬಲ್‌ಗಳ ಮೂತಿ ಎಲ್ಲ ಒಂದೇ ಥರ. ಒಳಗಿನ ಎಳೆ ಬೇರೆ ಬೇರೆ. ಇದು ಕರೆಂಟು ಹೊರುತ್ತೆ, ಅಷ್ಟೇ ಇದರ ಕೆಲಸ. ಚಿತ್ರ ಹೊರೋದು ಇನ್ನೊಂದು ಜಾತಿಯ ಕೇಬಲ್. ಅದು ದುಬಾರಿ, ಅದಕ್ಕೇ ಗಿಡ್ಡ. ಹದಿನಾಲ್ಕಿಂಚಿನ ದೂರಕ್ಕೆ ಅದೇ ಸಾಕಾಗಿತ್ತು. ಅಂದ್ರೆ ಯಾರೋ ಗಿಡ್ಡದ್ದನ್ನ ತೆಗೆದು ಉದ್ದದ್ದನ್ನ ಹಾಕಿದಾರೆ."

ಸೊಸೆಯ ಕಣ್ಣು ತಾನಾಗಿ ನಾದಿನಿಯ ಕಡೆ ಹೊರಳಿತು.

"ಅಲ್ಲಿ ನೋಡಬೇಡ ತಾಯಿ. ಸೋಮವಾರ ಸಂಜೆ ಅವಳು ಆಟ ಆಡಿದಾಗ ಕಾರ್ಡಿತ್ತು. ಇಲ್ದೆ ಆ ಆಟ ನಡಿಯೋದೇ ಇಲ್ಲ. ಮಂಗಳವಾರ ಎಂಟೂವರೆಗೆ ಅವಳು ಮನೇಲೇ ಇಲ್ಲ. ಒಂಬತ್ತರ ತನಕ ನೀನು ಈ ಮೇಜಿನ ಮುಂದೇ ಇದ್ದೆ. ಪೆಟ್ಟಿಗೆ ಜಾಗ ಬದಲಾಗಿದ್ರೆ ಪತ್ರ ಬರಿಯೋವಾಗ ನಿನಗೆ ಕಾಣ್ತಿರಲಿಲ್ವಾ? ಅಂದ ಮೇಲೆ ಇದು ನಡೆದದ್ದು ಒಂಬತ್ತಕ್ಕೂ ಹನ್ನೊಂದಕ್ಕೂ ನಡುವೆ."

ಸೊಸೆ ಮೇಜಿನ ಮೇಲಿನ ಧೂಳಿಲ್ಲದ ಚೌಕದ ಕಡೆ ತಿರುಗಿದಳು.

"ಇನ್ನು ಉದ್ದದ ಕೇಬಲ್ ಎಲ್ಲಿಂದ ಬಂತು? ಇಂಥದ್ದು ಫೋನ್ ಚಾರ್ಜರಿಗೆ ಇರುತ್ತೆ. ಈ ಮನೇಲಿ ಮಂಗಳವಾರದಿಂದ ಸ್ವಿಚ್ ಆಫ್ ಆಗಿರೋ ಫೋನ್ ಒಂದೇ. ಸುರುಳಿ ಕಟ್ಟಿದ್ದ ಟೇಪು ನೆನಪಿಸ್ಕೊಳ್ಳಿ: ಅರ್ಧರ್ಧ ಸುತ್ತು, ತುದಿ ಮಡಚಿತ್ತು. ಅದೇ ಕೈ ಬಾಗಿಲ ಹತ್ರ ಕೊಡೆ ಹಿಡೀಗೂ ಸುತ್ತಿದೆ. ಅಳತೆಯವರೇ, ನಿಮಗೂ ಕಂಡಿತ್ತಲ್ಲ?"

"ಕಂಡಿತ್ತು" ಎಂದ ದರ್ಜಿ, ತನ್ನ ಹಣೆಯನ್ನು ತಾನೇ ಹೊಡೆದುಕೊಂಡು. "ಹೊಗಳಿ ಸುಮ್ಮನಾಗಿಬಿಟ್ಟೆ."

"ಕೊನೇದು. ಬಚ್ಚಲುಮನೆ ಆರಕ್ಕೇ ಖಾಲಿ ಆಗಿತ್ತು. ಹತ್ತು ಗಂಟೆಗೆ ಮತ್ತೆ ಯಾವ ಲೈನು ಕ್ಲಿಯರ್ ಆಯ್ತು? ಅದು ಸ್ನಾನದ ಮಾತಲ್ಲ ತಾಯಿ. ಕಂಬ ಹತ್ತೋರ ಮಾತು. ತಂತೀಲಿ ಕರೆಂಟ್ ತೆಗೆದಿದೀವಿ, ಇನ್ನು ಮುಟ್ಟಿದ್ರೂ ಜೀವಕ್ಕೆ ಭಯವಿಲ್ಲ ಅಂತ ಒಬ್ಬರು ಇನ್ನೊಬ್ಬರಿಗೆ ಕೊಡೋ ಭರವಸೆ. ಅದನ್ನ ನೀವು ಮನೆಮಂದಿಯೆಲ್ಲ ಸೇರಿ ಬಚ್ಚಲಿಗೆ ಹಾಕಿದೀರಿ."

ಎಲ್ಲರ ನೋಟ ತಮ್ಮ ಮೇಲೆ ನೆಟ್ಟಿರುವುದನ್ನು ಕಂಡು ಹಿರಿಯರು ಗಾಬರಿಯಾದರು.

"ನಾನೇ ತೆಗೆದದ್ದು" ಎಂದರು. "ಹೇಳಿದ್ನಲ್ಲ ಅಮ್ಮಾ, ಹತ್ತು ಗಂಟೆಗೆ. ನೀನೂ ತಲೆ ಆಡಿಸಿದೆಯಲ್ಲ."

"ಯಾಕೆ ಮಾವ?"

ಅವರು ಎದ್ದು, ಪುಟ್ಟಿಯನ್ನು ಮಗಳ ಕೈಗಿತ್ತು ಹೊರಗೆ ಹೋದರು. ಮರಳಿದಾಗ ಕೈಯಲ್ಲಿ ತಮ್ಮ ಕೆಲಸದ ಕಾಲದ ತಗಡಿನ ಪೆಟ್ಟಿಗೆಯಿತ್ತು. ಬೀಗ ತೆಗೆದು, ಇಕ್ಕಳ ಮತ್ತು ರಬ್ಬರ್ ಕೈಗವಸುಗಳ ಕೆಳಗಿನಿಂದ ಒಂದು ಗಿಡ್ಡ ಕಪ್ಪು ಕೇಬಲನ್ನು ಎತ್ತಿದರು. ಅದರ ಕುತ್ತಿಗೆಗೊಂದು ಚೀಟಿ ಕಟ್ಟಿತ್ತು. ದುಂಡು ಅಕ್ಷರಗಳು: 'ಅಪಾಯ. ಮಗು ಇರುವ ಮನೆ. ಯಾರೂ ಜೋಡಿಸಬಾರದು.'

"ಸೋಮವಾರ ರಾತ್ರಿ ಪುಟ್ಟಿ ಮೇಜು ಹಿಡ್ಕೊಂಡು ಎದ್ದು ನಿಂತು ಇದರ ತುದಿ ಬಾಯಿಗೆ ಹಾಕ್ಕೊಂಡಿದ್ದಳು" ಎಂದರು ಮೆಲ್ಲಗೆ. "ಕಿತ್ತುಕೊಂಡು ನೋಡಿದ್ರೆ, ಮಿಂಚಿನ ಗುರುತು." ಪ್ಲಗ್ಗಿನ ಮೇಲೆ ಅಕ್ಕಿಕಾಳಿನಷ್ಟು ದೊಡ್ಡ ಮಿಂಚೊಂದು ಬಿಳಿ ಬಣ್ಣದಲ್ಲಿ ಅಚ್ಚಾಗಿತ್ತು. "ಆ ಗುರುತು ನೋಡ್ದೆ ಕಂಬ ಹತ್ತಿದ ಒಬ್ಬ ಜೊತೆಗಾರನ ಚಪ್ಪಲೀನ ನಾನೇ ಅವನ ಮನೆಗೆ ಕೊಂಡು ಹೋಗಿ ಕೊಟ್ಟಿದೀನಿ. ಅದಕ್ಕೇ ಕರೆಂಟ್ ತೆಗೆದು, ಪೆಟ್ಟಿಗೆ ಮೇಲಿಟ್ಟು, ಗುರುತಿಲ್ಲದ ನನ್ನ ಕೇಬಲ್ ಹಾಕ್ದೆ. ಚಾರ್ಜ್ ಆಗುತ್ತಾ ಅಂತ ನೋಡ್ದೆ, ಆಯ್ತು. ಕೆಲಸ ಸರಿಹೋಯ್ತು ಅಂದ್ಕೊಂಡೆ."

"ಮತ್ತೆ ನಾವು ಎರಡು ದಿನದಿಂದ ಬಡ್ಕೊಳ್ತಿದ್ರೂ ಬಾಯಿ ಬಿಡ್ಲಿಲ್ವಲ್ಲ ಅಪ್ಪ!" ಎಂದಳು ಮಗಳು, ಅರ್ಧ ಅಳು ಅರ್ಧ ನಗುವಿನಲ್ಲಿ.

ದೊಡ್ಡಮ್ಮ ಅವರ ಪರವಾಗಿ ಹೇಳಿದಳು: "ನೀವು ಕೇಳಿದ್ದೇನು? 'ಕೆಡಿಸಿದ್ದು ಯಾರು?' ಅಂತ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋನು ಕಳ್ಳ. ಇವರು ಕೆಡಿಸಿಲ್ಲ, ಕಾಪಾಡಿದಾರೆ. ಕಾಪಾಡಿದೋರು ಯಾಕೆ ಹೆಗಲು ಮುಟ್ಕೊಳ್ತಾರೆ?" ಆಮೇಲೆ ಹಿರಿಯರ ಕಡೆ ತಿರುಗಿದಳು. "ಅಣ್ಣಾ, ನಿಮ್ಮ ಕಂಬದ ಮೇಲಿನ ಮಿಂಚು ಹೊಡಿಯೋ ಮಿಂಚು. ಇದು ಓಡೋ ಮಿಂಚು. ಬೇಗ ಹೋಗುತ್ತೆ ಅಂತ ತೋರಿಸೋಕೆ ಹಾಕಿದಾರೆ. ನಿಮ್ಮ ತಪ್ಪಲ್ಲ, ಗುರುತು ಬರೆದೋರು ನಿಮ್ಮನ್ನ ಕೇಳಿ ಬರೀಲಿಲ್ಲ."

ಹಿರಿಯರು ಆ ಪುಟ್ಟ ಮಿಂಚನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಹಾಗಾದ್ರೆ ಅಮ್ಮನ ಕೆಲಸ ನಿಲ್ಲಿಸಿದ್ದು ನಾನೇ" ಎಂದು ತಲೆ ತಗ್ಗಿಸಿದರು. ಬೆರಳುಗಳು ಚೀಟಿಯ ಗಂಟು ಬಿಚ್ಚಲು ಹೋದವು.

ಸೊಸೆ ಎದ್ದು ಬಂದು ಆ ಬೆರಳುಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಬಿಚ್ಚಬೇಡಿ ಮಾವ, ಚೀಟಿ ಇರ್ಲಿ. ನನ್ನ ಮಗು ಕೇಬಲ್ ಕಚ್ಚಿದ್ದು ನನಗೇ ಗೊತ್ತಿರ್ಲಿಲ್ಲ. ಕತ್ತು ಬಗ್ಗಿಸಿ ತೆರೆ ನೋಡ್ತಾ ಕೂತಿದ್ದೆ. ನೀವು ನಿಮ್ಮ ಫೋನಿನ ಕೇಬಲ್ ಕೊಟ್ಟು ಎರಡು ದಿನ ಮಗನ ಹತ್ರ ಮಾತೂ ಆಡ್ದೆ ಇದ್ದೀರಿ."

"ಅವನು ಆಡೋದು ಎರಡೇ ಮಾತು. ಊಟ ಆಯ್ತಾ, ಮಾತ್ರೆ ತಗೊಂಡ್ರಾ."

ಎಲ್ಲರೂ ನಕ್ಕರು. ನಗು ಇಳಿಯುವ ಮೊದಲೇ ಸೊಸೆ ನಾದಿನಿಯ ಮುಂದೆ ನಿಂತಿದ್ದಳು. "ನಿನ್ನೆ ನಾನು ಆಡಿದ ಮಾತು..." ಎಂದು ನಿಂತಳು. ಹುಡುಗಿ ಪುಟ್ಟಿಯ ಕೆನ್ನೆಗೆ ಕೆನ್ನೆಯಿಟ್ಟು, "ಅತ್ತಿಗೆ, ಟೈಮಾಗ್ತಿದೆ. ಮೊದಲು ಕೇಬಲ್ ಹಾಕಿ, ಆಮೇಲೆ ಅಳೋಣ. ಇಲ್ದಿದ್ರೆ ಮೊಲದ ಮರೀಗೆ ಆಪರೇಷನ್ ಆಗಲ್ಲ" ಎಂದಳು. ಸೊಸೆ ಅವಳ ಸೂಟ್‌ಕೇಸನ್ನು ಎತ್ತಿಕೊಂಡು ಹೋಗಿ ಅವಳ ಕೋಣೆಯಲ್ಲಿಟ್ಟು ಬಂದಳು. ಕ್ಷಮೆಯ ಮಾತು ಅಲ್ಲಿಗೆ ಪೂರ್ತಿಯಾಯಿತು.

ಗಿಡ್ಡ ಕೇಬಲ್ ಕಪಾಟಿನಿಂದ ಮೇಜಿಗೆ ಎಟುಕದು. ಪೆಟ್ಟಿಗೆಯನ್ನು ಮತ್ತೆ ಕೆಳಗಿಳಿಸಲು ಅಂಗಡಿಯವನು ಕೈ ಹಾಕಿದಾಗ ದೊಡ್ಡಮ್ಮ ತಡೆದಳು. "ಹಿರಿಯರು ಮೇಲಿಟ್ಟದ್ದು ಮೇಲೇ ಇರ್ಲಿ. ಲ್ಯಾಪ್‌ಟಾಪನ್ನೂ ಅದರ ಪಕ್ಕಕ್ಕೇ ಏರಿಸು. ನಿನ್ನ ಅಂಗಡಿಯಿಂದ ಒಂದು ದೊಡ್ಡ ತೆರೆ, ಕೀಬೋರ್ಡು ತಂದು ಮೇಜಿನ ಮೇಲಿಡು. ಮಗೂಗೂ ಎಟುಕಲ್ಲ, ಅಮ್ಮನ ಕತ್ತೂ ನೆಟ್ಟಗಿರುತ್ತೆ."

ಹಾಗೆಯೇ ಮಾಡಿದರು. ಜೋಡಿಸುವ ಗಳಿಗೆ ಬಂದಾಗ ಸೊಸೆ ಕೇಬಲನ್ನು ಮಾವನ ಕೈಗೆ ಕೊಟ್ಟಳು. ಅವರು ಸ್ವಿಚ್ಚು ಆರಿಸಿ, ಮಿಂಚಿನ ತುದಿಯನ್ನು ಮೆಲ್ಲಗೆ ಒಳಗೆ ಒತ್ತಿ, ಹಿಂದೆ ಸರಿದು, ಎಲ್ಲರೂ ದೂರ ನಿಂತಿದ್ದಾರೆಯೇ ಎಂದು ಒಮ್ಮೆ ಸುತ್ತ ನೋಡಿ ಸ್ವಿಚ್ಚು ಹಾಕಿದರು. ಎರಡು ದಿನದಿಂದ ಮಲಗಿದ್ದ ಕಾರ್ಡಿನ ಫ್ಯಾನು ಒಮ್ಮೆ ಮೈಮುರಿದು ತಿರುಗಿತು. ಲ್ಯಾಪ್‌ಟಾಪು ಸಣ್ಣಗೆ ಸದ್ದು ಮಾಡಿತು. ಪಟ್ಟಿಯಲ್ಲಿ ಕಾರ್ಡಿನ ಹೆಸರು ಬಂತು. ಮಧ್ಯಾಹ್ನ ಒಂದೂಕಾಲಕ್ಕೆ ಮೊಲದ ಮರಿಯ ಮೊದಲ ಹೆಜ್ಜೆ ತೆರೆಯ ಮೇಲೆ ಮೂಡತೊಡಗಿತು.

ಮರಳುವ ದಾರಿಯಲ್ಲಿ ದರ್ಜಿ ಕೇಳಿದ: "ಕೊಡೆ ನೋಡಿದಾಗಲೇ ಗೊತ್ತಾಯ್ತಾ ನಿಮಗೆ?"

"ಇಲ್ಲ. ಸೂಟ್‌ಕೇಸ್ ನೋಡಿ ಅವರ ಮುಖ ಬಾಡ್ತಲ್ಲ, ಆಗ ಇವರಿಗೆ ಕೇಡು ಮಾಡೋ ಮನಸ್ಸಿಲ್ಲ ಅಂತ ಗೊತ್ತಾಯ್ತು. ಹತ್ತು ಗಂಟೆ ಅಂದಾಗ ಕೈ ಅವರದ್ದೇ ಅಂತ ಗೊತ್ತಾಯ್ತು. ಎರಡನ್ನೂ ಸೇರಿಸಿ ಹೊಲಿದೆ. ಹೊಲಿಗೆ ನಿಮ್ಮ ಹತ್ರಾನೇ ಕಲಿತದ್ದು."

ದರ್ಜಿ ಆ ಸಂಜೆ ಅರ್ಧಕ್ಕೆ ನಿಂತ ಕಾಲರನ್ನು ಮುಟ್ಟಲಿಲ್ಲ. ದಪ್ಪ ಕ್ಯಾನ್ವಾಸಿನಲ್ಲಿ ಕೇಬಲಿಗೆ ಒಂದು ತೋಳು ಹೊಲಿದ. ಮಗು ಕಚ್ಚಿದರೂ ಬಟ್ಟೆಯೇ ಬಾಯಿಗೆ ಸಿಗುವಂತೆ. ಕೊಡಲು ಹೋದಾಗ ಹಿರಿಯರು ಒಂದೇ ತಿದ್ದುಪಡಿ ಹೇಳಿದರು: "ಗುರುತು ಮುಚ್ಚಬಾರದು. ಮಿಂಚು ಕಾಣ್ತಿರ್ಬೇಕು." ಅವನು ಅಲ್ಲೇ ಕೂತು ಗುಂಡಿಯ ಕಾಜಿನಂತೆ ಒಂದು ಕಿಂಡಿ ಬಿಟ್ಟುಕೊಟ್ಟ.

ಶನಿವಾರ ಬೆಳಗ್ಗೆ ಚಿತ್ರ ಆಸ್ಪತ್ರೆಗೆ ಹೋಯಿತು. ನಾದಿನಿ ಹಾಸ್ಟೆಲ್ಲಿಗೆ ಹೋಗಲಿಲ್ಲ. ಆ ಮನೆಯಲ್ಲಿ ಅಂದಿನಿಂದ ಸ್ನಾನ ಮುಗಿದರೆ "ಬಚ್ಚಲು ಖಾಲಿ" ಎಂದಷ್ಟೇ ಕೂಗುವ ಕಟ್ಟಳೆಯಾಯಿತು. ಇನ್ನೊಂದು ಮಾತನ್ನು ಬೇರೆಯದಕ್ಕೆಂದು ಎತ್ತಿಟ್ಟರು. ದಿನವೂ ಬೆಳಗ್ಗೆ ಕೆಲಸಕ್ಕೆ ಕೂರುವ ಮೊದಲು ಸೊಸೆ ಹೆಡ್‌ಫೋನನ್ನು ಕೊರಳಿಗಿಳಿಸಿ, ಹಜಾರಕ್ಕೆ ಕೇಳುವಂತೆ ಕೂಗುತ್ತಾಳೆ: "ಮಾವಾ, ಲೈನ್ ಕ್ಲಿಯರಾ?"

ಮುದುಕರು ಪತ್ರಿಕೆ ಮಡಚಿಟ್ಟು ಎದ್ದು ಬರುತ್ತಾರೆ. ಪುಟ್ಟಿ ಎಲ್ಲಿದ್ದಾಳೆ ಎಂದು ನೋಡುತ್ತಾರೆ, ತೋಳು ತೊಟ್ಟ ಕೇಬಲನ್ನು ತುದಿಯಿಂದ ತುದಿಯವರೆಗೆ ಬೆರಳಲ್ಲಿ ಸವರುತ್ತಾರೆ.

"ಲೈನ್ ಕ್ಲಿಯರ್ ಅಮ್ಮಾ."

ಆಮೇಲಷ್ಟೇ ಅವಳು ಸ್ವಿಚ್ಚು ಹಾಕುವುದು.